ಫ್ಲ್ಯಾಟ್ ನೋಡುವುದಾದರೆ ಬಳ್ಳಾರಿಯ ಬೇಸಿಗೆಯಲ್ಲಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಇತ್ತೀಚೆಗೆ ಅಪಾರ್ಟ್‌ಮೆಂಟ್‌ಗಳ ಜಾಹೀರಾತು ಕಾಣದ ಭಾನುವಾರವೇ ಇಲ್ಲ. ಹೊಸಪೇಟೆ ರಸ್ತೆ, ಸಿರುಗುಪ್ಪ ರಸ್ತೆ, ಮೋಕಾ ರಸ್ತೆಗಳ ಹೆಸರು ಹೇಳಿ, ಹುಲ್ಲುಹಾಸು, ಈಜುಕೊಳ, ಮಕ್ಕಳ ಜಾರುಬಂಡಿಗಳ ಚಿತ್ರ ಹಾಕಿ, ಕೆಳಗೆ ಸಾಲ ಕೊಡುವ ಬ್ಯಾಂಕುಗಳ ಪಟ್ಟಿ ಕೊಟ್ಟಿರುತ್ತಾರೆ. ಕಾರ್ಪೊರೇಷನ್ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ ಎನ್ನುವ ಓಣಿಗಳಿರುವ ಊರಿನಲ್ಲಿ ಆ ಈಜುಕೊಳವನ್ನು ಯಾವ ನೀರಿನಿಂದ ತುಂಬಿಸುತ್ತಾರೋ ಎಂದು ಚಿತ್ರ ನೋಡಿದಾಗಲೆಲ್ಲ ನನಗೆ ಅನುಮಾನ. ಆ ಜಾಹೀರಾತು ನೋಡಿ ಮುಂಗಡ ಕೊಡಲು ಹೊರಟಿರುವ ಓದುಗರು ಅದಕ್ಕೂ ಮುಂಚೆ ಏನೇನು ನೋಡಬೇಕು ಎಂಬುದನ್ನು, ಈ ವಿಷಯದಲ್ಲಿ ಒಮ್ಮೆ ಎಡವಿದವನಾಗಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ, ಕ್ಷಮಿಸಬೇಕು.

ನಾನು ನೀರಾವರಿ ಇಲಾಖೆಯಲ್ಲಿ, ತುಂಗಭದ್ರಾ ಬಲದಂಡೆಯ ಕಾಲುವೆಗಳ ಮೇಲೆ ಕಿರಿಯ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಮೆಟ್ಟಿಲು ಹತ್ತಿಳಿಯುವುದು, ಅಂಗಳ ಗುಡಿಸುವುದು ನನಗೂ ಹೆಂಡತಿಗೂ ಕಷ್ಟವಾಗತೊಡಗಿದ ಮೇಲೆ ಹಳೆಯ ಮನೆ ಮಾರಿ, 2019ರ ಡಿಸೆಂಬರಿನಲ್ಲಿ ಒಂದು ಫ್ಲ್ಯಾಟ್ ಕೊಂಡೆವು. ಡಿಸೆಂಬರಿನ ಬಳ್ಳಾರಿ ಯಾರನ್ನೂ ಮೋಸಗೊಳಿಸುವಷ್ಟು ಹಿತವಾಗಿರುತ್ತದೆ. ಕಾಲುವೆಯಲ್ಲಿ ನೀರಿತ್ತು, ನಲ್ಲಿಯಲ್ಲಿ ನೀರಿತ್ತು, ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಕೋಟೆಗುಡ್ಡ ಕಾಣುತ್ತಿತ್ತು, ನನ್ನ ಹೆಂಡತಿಗೆ ಅಡುಗೆಮನೆಯ ಕಟ್ಟೆ ಹಿಡಿಸಿತು. ಹಿಂದಿನ ಕಾಲದಲ್ಲಿ ಒಂದು ಎಮ್ಮೆ ಕೊಳ್ಳುವಾಗಲೂ ಅದರ ಹಲ್ಲು, ಕೆಚ್ಚಲು, ನಡಿಗೆ ನೋಡಿ, ಎರಡು ಹೊತ್ತು ಹಾಲು ಕರೆಸಿ ನೋಡುತ್ತಿದ್ದ ಮನೆತನದವನು ನಾನು. ಜೀವಮಾನದ ಉಳಿತಾಯವನ್ನು ಮಾತ್ರ ಒಂದೇ ಮಧ್ಯಾಹ್ನದಲ್ಲಿ ಒಪ್ಪಿಸಿ ಬಂದೆ.

ಮಾರ್ಚ್ ಕಳೆಯುವ ಹೊತ್ತಿಗೆ ಒಂದೊಂದಾಗಿ ಗೊತ್ತಾಗತೊಡಗಿತು. ಅದನ್ನೆಲ್ಲ ಮುಂದೆ ಹೇಳುತ್ತೇನೆ. ಕಳೆದ ವರ್ಷ, ತೋರಣಗಲ್ಲಿನ ಕಡೆ ಕೆಲಸ ಮಾಡುವ ನನ್ನ ಅಕ್ಕನ ಮಗ ಬಳ್ಳಾರಿಯಲ್ಲಿ ಫ್ಲ್ಯಾಟ್ ಕೊಳ್ಳಬೇಕೆಂದು ಬಂದಾಗ, ನಾನು ಅವನಿಗೆ ಒಂದೇ ಷರತ್ತು ಹಾಕಿದೆ: ಏಪ್ರಿಲ್, ಮೇ ತಿಂಗಳಲ್ಲಿ ನೋಡೋಣ, ಆಮೇಲೆ ಮೊದಲ ದೊಡ್ಡ ಮಳೆಯ ಮರುದಿನ ಇನ್ನೊಮ್ಮೆ ನೋಡೋಣ, ಅಲ್ಲಿಯವರೆಗೆ ಯಾರಿಗೂ ರೂಪಾಯಿ ಕೊಡುವುದು ಬೇಡ. ಆ ಎರಡು ಮೂರು ತಿಂಗಳಲ್ಲಿ ನಾವು ಹನ್ನೊಂದು ಕಟ್ಟಡ ಹತ್ತಿಳಿದೆವು. "ಮಾವ, ಟೈಲ್ಸ್ ನೋಡಲು ಕರೆದುಕೊಂಡು ಬಂದರೆ ನೀವು ಚರಂಡಿ ನೋಡುತ್ತಾ ನಿಲ್ಲುತ್ತೀರಲ್ಲ" ಎಂದು ಅವನು ಮೊದಲ ವಾರ ಬೇಸರಪಟ್ಟುಕೊಂಡ. ಮೂರನೇ ವಾರದಿಂದ ಅವನೇ ನನಗಿಂತ ಮುಂದಾಗಿ ಸಂಪಿನ ಮುಚ್ಚಳ ತೆಗೆಸತೊಡಗಿದ.

ಮೊದಲು ನೀರಿನ ಮಾತು. ಬಳ್ಳಾರಿ ನಗರ ಕುಡಿಯುವುದು ಬಹುಮಟ್ಟಿಗೆ ತುಂಗಭದ್ರೆಯನ್ನೇ. ಮೇಲ್ಮಟ್ಟದ ಕಾಲುವೆಯಲ್ಲಿ ಹರಿದು ಬಂದು ಅಲ್ಲೀಪುರದ ಕೆರೆಯಲ್ಲಿ ನಿಂತ ನೀರೇ ನಗರದ ಬಹುಭಾಗದ ಆಧಾರ. ಕಾಲುವೆ ನಿಂತ ಮೇಲೆ ಮುಂಗಾರಿನಲ್ಲಿ ಜಲಾಶಯಕ್ಕೆ ಹೊಸ ನೀರು ಬಂದು ಮತ್ತೆ ಕಾಲುವೆ ಬಿಡುವವರೆಗೆ, ಕೂಡಿಟ್ಟ ನೀರನ್ನೇ ಅಳೆದು ಅಳೆದು ಬಿಡಬೇಕು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟು ಕುಳಿತದ್ದು ಗದ್ದೆಯ ಚಿಂತೆಯಿಂದ ಮಾತ್ರವೇ ಆಗಿರಲಿಲ್ಲ. ಹೀಗಿರುವಾಗ ಫ್ಲ್ಯಾಟ್ ಮಾರುವವರು "ಕಾರ್ಪೊರೇಷನ್ ನೀರಿದೆ, ಬೋರ್ ಇದೆ" ಎಂದು ಎರಡೇ ಮಾತಿನಲ್ಲಿ ಮುಗಿಸಿದರೆ ಕೊಳ್ಳುವವರು ಅಷ್ಟಕ್ಕೇ ಸುಮ್ಮನಾಗಬಾರದು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಂದಾಗ ಎಷ್ಟು ಹೊತ್ತು ಇರುತ್ತದೆ, ಸಂಪು ಎಷ್ಟು ಲೀಟರಿನದು ಎಂದು ಕೇಳಿ, ಲೆಕ್ಕ ಹಾಕಬೇಕು.

ಲೆಕ್ಕ ಕಷ್ಟದ್ದೇನಲ್ಲ. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬುದು ಎಂಜಿನಿಯರುಗಳು ಹಿಡಿಯುವ ಅಳತೆ. ನಾನು ಇರುವ ಕಟ್ಟಡದಲ್ಲಿ 20 ಮನೆಗಳಿವೆ. ಮನೆಗೆ ನಾಲ್ಕು ಜನರೆಂದು ಹಿಡಿದರೆ ದಿನಕ್ಕೆ 10,800 ಲೀಟರ್ ಬೇಕು. ಎಂಟು ದಿನಕ್ಕೊಮ್ಮೆ ನೀರು ಬಂದರೆ ನಡುವಿನ ಅವಧಿಗೆ 86,400 ಲೀಟರ್ ಕೂಡಿಡಬೇಕು. ನಮ್ಮ ಸಂಪು 25,000 ಲೀಟರಿನದು. ಅಂದರೆ ಅದು ತುಂಬಿದರೂ ಎರಡೂಕಾಲು ದಿನದ ನೀರು; ಉಳಿದದ್ದಕ್ಕೆ 5,000 ಲೀಟರಿನ ಟ್ಯಾಂಕರ್ ಹನ್ನೆರಡು ಹದಿಮೂರು ಬಾರಿ ಬರಬೇಕು, ಇಲ್ಲವೇ ಬೋರ್‌ವೆಲ್ ಎತ್ತಬೇಕು. ಈ ಭಾಗಾಕಾರವನ್ನು ನಾನು ಡಿಸೆಂಬರಿನಲ್ಲಿ ಮಾಡಿದ್ದರೆ ಏಪ್ರಿಲ್‌ನಲ್ಲಿ ಮೇಂಟೆನೆನ್ಸ್ ಹಣ ದುಪ್ಪಟ್ಟಾದಾಗ ಆಶ್ಚರ್ಯಪಡಬೇಕಾಗಿರಲಿಲ್ಲ. ಕಾಲುವೆಯ ನೀರನ್ನು ಕ್ಯೂಸೆಕ್‌ನಲ್ಲಿ ಅಳೆದು ಮೂವತ್ತು ವರ್ಷ ಸಂಬಳ ಪಡೆದವನು ತನ್ನ ಮನೆಯ ಸಂಪನ್ನು ಅಳೆಯದೆ ಹೋದದ್ದು ಮನೆಯಲ್ಲಿ ಈಗಲೂ ನಗೆಯ ವಿಷಯ.

ಬೋರ್ ನೀರಿನ ಮೇಲೆ ಭರವಸೆ ಇಡುವ ಮುನ್ನ ಅದನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿ ಪರೀಕ್ಷೆ ಮಾಡಿಸಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಗಳಲ್ಲಿ ಅಂತರ್ಜಲದ ಫ್ಲೋರೈಡ್ ಹಳೆಯ ತೊಂದರೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 1.5, ಕರಗಿದ ಲವಣಾಂಶ 500, ಗತಿಯಿಲ್ಲದಿದ್ದರೆ 2,000. ಪರೀಕ್ಷೆಯ ವರದಿ ಬರುವವರೆಗೆ ಕಾಯಲು ಆಗದವರು ಅದೇ ಕಟ್ಟಡದಲ್ಲಿ ಎರಡು ವರ್ಷದಿಂದ ಇರುವವರ ಬಚ್ಚಲಮನೆಯ ನಲ್ಲಿಯನ್ನು ನೋಡಿದರೂ ಸಾಕು. ನಲ್ಲಿಯ ಬಾಯಿಗೆ ಬಿಳಿಯ ಹರಳು ಕಟ್ಟಿದ್ದರೆ, ಗೀಸರಿನ ಕಾಯಿಲ್ ಎಷ್ಟು ಸಲ ಬದಲಿಸಿದಿರಿ ಎಂದು ಕೇಳಬೇಕು. ಆ ಪ್ರಶ್ನೆಗೆ ಬರುವ ಉತ್ತರದಲ್ಲಿ ಸುಳ್ಳು ಇರುವುದಿಲ್ಲ, ಏಕೆಂದರೆ ಅದು ಸಿಟ್ಟಿನಿಂದ ಬರುತ್ತದೆ.

ನೀರಿನ ನಂತರ ನೆಲ. ಗುಡ್ಡಗಳ ಸುತ್ತಮುತ್ತಲಿನ ಬಂಡೆ, ಗರಸು ನೆಲ ಬೇರೆ. ಸಿರುಗುಪ್ಪ, ಮೋಕಾ ಕಡೆಗೆ ಊರು ಬೆಳೆಯುತ್ತಿರುವ ಎರೆಭೂಮಿ ಬೇರೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕುರಿಮರಿಯ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಆ ಮಣ್ಣಿನಲ್ಲಿ ಕಾಲುವೆಗೆ ಕಾಂಕ್ರೀಟ್ ಹೊದಿಕೆ ಹಾಕುವಾಗ ಕೆಳಗೆ ಉಬ್ಬದ ಮೊರಂ ಹಾಸದೆ ಹೋದರೆ ಹೊದಿಕೆಯ ಹಲಗೆಗಳು ಎದ್ದು ಒಡೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಟ್ಟಡಕ್ಕೂ ಅದೇ ನಿಯಮ. ಪಾಯವು ಉಬ್ಬಿ ಕುಗ್ಗುವ ಪದರವನ್ನು ದಾಟಿ ಗಟ್ಟಿ ನೆಲದವರೆಗೆ ಇಳಿದಿರಬೇಕು, ಅಥವಾ ಬುಡ ಅಗಲವಾದ ಪೈಲ್‌ಗಳ ಮೇಲೆ ನಿಂತಿರಬೇಕು, ಅಥವಾ ಇಡೀ ಕಟ್ಟಡದ ಕೆಳಗೆ ಒಂದೇ ಹಾಸಿನಂತೆ ರಾಫ್ಟ್ ಹಾಕಿರಬೇಕು. ಬಿಲ್ಡರ್ ಬಳಿ ಮಣ್ಣು ಪರೀಕ್ಷೆಯ ವರದಿ ಇರಲೇಬೇಕು. ಅದನ್ನು ಕೇಳುವುದು ಅವಮಾನವಲ್ಲ. ನಾವು ಕೇಳಿದ ಹನ್ನೊಂದು ಕಡೆ ಮೂವರು ಮಾತ್ರ ತೋರಿಸಿದರು. ಒಬ್ಬರು "ಸಾರ್, ಪಕ್ಕದ ಸೈಟಿನದು ಇದೆ, ಅದೇ ಮಣ್ಣು" ಎಂದರು.

ವರದಿ ಓದಲು ಬಾರದವರು ಕಟ್ಟಡವನ್ನೇ ಓದಬಹುದು. ಗಾರೆಯ ಮೇಲೆ ಕೂದಲೆಳೆಯಂತೆ ಅಡ್ಡಾದಿಡ್ಡಿ ಹರಡಿದ ಗೀರುಗಳಿಗೆ ಹೆದರಬೇಕಾಗಿಲ್ಲ, ಅವು ಕ್ಯೂರಿಂಗ್, ಅಂದರೆ ಗಾರೆಗೆ ನೀರುಣಿಸುವುದು, ಸಾಲದೆ ಬಂದವು. ಕಿಟಕಿ, ಬಾಗಿಲ ಮೂಲೆಯಿಂದ ಹೊರಟು ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲಿನಂತೆ ಏರುವ ಬಿರುಕು ಕಂಡರೆ, ಮತ್ತು ಅದನ್ನು ಈಗಷ್ಟೇ ಪುಟ್ಟಿ ತುಂಬಿ ಬಣ್ಣ ಬಳಿದಿದ್ದರೆ, ಅಲ್ಲಿ ನಿಲ್ಲಬೇಕು. ಮಳೆಗಾಲದಲ್ಲಿ ಹಿಡಿದುಕೊಂಡು ಬೇಸಿಗೆಯಲ್ಲಿ ಸಡಿಲವಾಗುವ ಬಾಗಿಲು, ಕುಸಿದ ಸ್ಟಿಲ್ಟ್ (ಕಂಬಗಳ ನಡುವೆ ವಾಹನ ನಿಲ್ಲಿಸುವ ಕೆಳಭಾಗ) ನೆಲ, ಕಟ್ಟಡದಿಂದ ಬೇರೆಯಾಗಿ ವಾಲುತ್ತಿರುವ ಕಾಂಪೌಂಡ್ ಗೋಡೆ, ಇವೆಲ್ಲ ಎರೆಮಣ್ಣಿನ ಸಹಿ. ಎರೆಯಲ್ಲಿ ಪಾಯದ ಪಕ್ಕ ಒಳಚರಂಡಿಯ ಪೈಪ್ ಸೋರುತ್ತಿದ್ದರೆ ಅದು ಸಣ್ಣ ದುರಸ್ತಿಯ ಮಾತಾಗುವುದಿಲ್ಲ. ಒಂದು ಮೂಲೆಯ ಮಣ್ಣು ಮಾತ್ರ ವರ್ಷವಿಡೀ ಉಬ್ಬಿ ಇರುತ್ತದೆ, ಉಳಿದದ್ದು ಒಣಗುತ್ತದೆ, ನಡುವೆ ಸಿಕ್ಕ ಗೋಡೆ ಸೀಳುತ್ತದೆ. ನಮ್ಮ ಕಟ್ಟಡದಲ್ಲಿ ಆದದ್ದು ಇದೇ. ಬಿಲ್ಡರ್ ಮೊದಲ ವರ್ಷ ಫೋನು ಎತ್ತಿದರು, ಎರಡನೇ ವರ್ಷ ಮೇಸ್ತ್ರಿಯನ್ನು ಕಳಿಸಿದರು, ಮೂರನೇ ವರ್ಷ ನಂಬರ್ ಬದಲಾಯಿತು.

ಬಿಸಿಲಿನ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಬಳ್ಳಾರಿಯಲ್ಲಿ ಬೇಸಿಗೆ, ಕಡುಬೇಸಿಗೆ ಎಂದು ಎರಡೇ ಕಾಲ ಎಂದು ಹೊರಗಿನವರು ನಗುತ್ತಾರೆ. 40 ಡಿಗ್ರಿ ದಾಟಿದ ಮಧ್ಯಾಹ್ನದ ನಂತರ, ಸಂಜೆ ಐದಕ್ಕೆ ಹೋಗಿ ಮಲಗುವ ಕೋಣೆಯ ಪಶ್ಚಿಮದ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದರೆ ವಾಸ್ತುವಿನವರು ಹೇಳದ ಸಂಗತಿ ತಿಳಿಯುತ್ತದೆ. ಕಡೆಯ ಮಹಡಿಯಾದರೆ ಅಂಗೈಯನ್ನು ತಾರಸಿಯ ಮೇಲೆ ಇಡುವುದು ಬೇಡ. ಜನರೇಟರ್ ಲಿಫ್ಟಿಗೆ ಮಾತ್ರವೋ, ಮನೆಯ ಫ್ಯಾನಿಗೂ ಉಂಟೋ, ಎಲ್ಲ ಮನೆಯವರೂ ಎ.ಸಿ. ಹಾಕಿದರೆ ಟ್ರಾನ್ಸ್‌ಫಾರ್ಮರ್ ತಡೆಯುತ್ತದೋ ಎಂಬುದನ್ನೂ ವಿದ್ಯುತ್ ಕಂಪನಿಯಾದ ಜೆಸ್ಕಾಂನಿಂದ ಮಂಜೂರಾದ ಲೋಡ್ ಎಷ್ಟೆಂದು ಕೇಳಿ ತಿಳಿಯಬೇಕು.

ಇನ್ನು ಸುತ್ತಲಿನ ನೆರೆ. ಗೋಡೆಯ ಬಣ್ಣ ಬದಲಿಸಬಹುದು, ಓಣಿಯನ್ನು ಬದಲಿಸಲಾಗದು. "ರೈಲು ನಿಲ್ದಾಣಕ್ಕೆ ಹತ್ತು ನಿಮಿಷ" ಎಂದು ಜಾಹೀರಾತಿನಲ್ಲಿ ಬರೆದವರು ಯಾವ ಹೊತ್ತಿನಲ್ಲಿ ಹೋಗಿ ಅಳೆದರು ಎಂದು ಹೇಳುವುದಿಲ್ಲ. ರೈಲ್ವೆ ಗೇಟು ಬಿದ್ದಾಗ ಹಿಂದೆ ಮುಂದೆ ಸಾಲುಗಟ್ಟಿ ನಿಂತವರಿಗೆ, ಮಳೆ ಸುರಿದ ರಾತ್ರಿ ಕೆಳಸೇತುವೆಯಲ್ಲಿ ಬೈಕು ತಳ್ಳಿದವರಿಗೆ ಆ ಹತ್ತು ನಿಮಿಷದ ಅರ್ಥ ಗೊತ್ತು. ಕೊಳ್ಳುವ ಮುನ್ನ ಅದೇ ಜಾಗಕ್ಕೆ ಬೆಳಿಗ್ಗೆ ಶಾಲೆಯ ಹೊತ್ತಿಗೆ ಒಮ್ಮೆ, ರಾತ್ರಿ ಹತ್ತು ಗಂಟೆಗೆ ಒಮ್ಮೆ ಹೋಗಬೇಕು. ನಾವು ಮೆಚ್ಚಿಕೊಂಡಿದ್ದ ಒಂದು ಫ್ಲ್ಯಾಟಿನ ಹಿಂದೆಯೇ ಕಲ್ಯಾಣ ಮಂಟಪವಿತ್ತು. ಹಗಲು ಹೋದಾಗ ಅದು ಬೀಗ ಹಾಕಿ ಶಾಂತವಾಗಿತ್ತು. ಲಗ್ನದ ಹಿಂದಿನ ರಾತ್ರಿ ಹೋದಾಗ ಡಿಜೆಯ ಸದ್ದಿಗೆ ಐದನೇ ಮಹಡಿಯ ಕಿಟಕಿಯ ಗಾಜು ನಡುಗುತ್ತಿತ್ತು.

ಗಾಳಿಯ ದಿಕ್ಕನ್ನೂ ನೋಡಬೇಕು. ನಮ್ಮ ಕಡೆ ಉಕ್ಕು, ಸ್ಪಾಂಜ್ ಐರನ್, ಉಷ್ಣವಿದ್ಯುತ್ ಇರುವುದು ಬಹುಪಾಲು ನಗರದ ಪಶ್ಚಿಮಕ್ಕೆ, ಕುಡತಿನಿ, ತೋರಣಗಲ್ಲುಗಳ ಕಡೆ. ಮುಂಗಾರಿನ ಗಾಳಿ ಬೀಸುವುದೂ ಪಶ್ಚಿಮದಿಂದಲೇ. ಆ ಕಾರ್ಖಾನೆಗಳಿಂದಲೇ ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ, ನನ್ನ ಅಕ್ಕನ ಮಗನದೂ ಅದರಲ್ಲಿ ಒಂದು. ಆದರೂ ಬಾಲ್ಕನಿಯ ಕಂಬಿಯ ಮೇಲೆ ಬೆರಳು ಎಳೆದು ಧೂಳಿನ ಬಣ್ಣ ನೋಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಅಕ್ಕಿ ಗಿರಣಿ ಹತ್ತಿರವಿದ್ದರೆ ಹೊಟ್ಟಿನ ಬೂದಿ ಒಗೆದ ಬಟ್ಟೆಯ ಮೇಲೆ ಕೂರುತ್ತದೆ. ಬಳ್ಳಾರಿಯ ಜೀನ್ಸ್ ದೇಶಕ್ಕೆಲ್ಲ ಹೋಗುತ್ತದೆಂದು ನಮಗೆ ಹೆಮ್ಮೆಯಿದೆ, ಅದನ್ನು ತೊಳೆಯುವ ಘಟಕದ ನೀಲಿ ನೀರು ನಮ್ಮ ಮನೆಯ ಮುಂದಿನ ತೆರೆದ ಚರಂಡಿಯಲ್ಲಿ ಹರಿಯಬೇಕೆಂದಿಲ್ಲ. ಇಂಥದ್ದನ್ನು ತಿಳಿಯಲು ಬ್ರೋಕರನ್ನು ಕೇಳಿ ಪ್ರಯೋಜನವಿಲ್ಲ. ಹಾಲಿನವನನ್ನು, ಇಸ್ತ್ರಿಯವನನ್ನು, ಎದುರಿನ ಕಿರಾಣಿ ಅಂಗಡಿಯ ಯಜಮಾನರನ್ನು ಮಾತಿಗೆಳೆಯಬೇಕು. ಕಟ್ಟಡದಲ್ಲಿ ಎಷ್ಟು ಮನೆಯಲ್ಲಿ ಮಾಲೀಕರಿದ್ದಾರೆ, ಎಷ್ಟರಲ್ಲಿ ಬಾಡಿಗೆಯವರು, ಯಾರು ಎರಡೇ ವರ್ಷದಲ್ಲಿ ಮಾರಿ ಹೋದರು, ಬೀದಿನಾಯಿಗಳ ಹಾವಳಿ ಎಷ್ಟು, ಕಸದ ಗಾಡಿ ದಿನವೂ ಬರುತ್ತದೆಯೇ ಎಂಬ ಎಲ್ಲ ಲೆಕ್ಕವೂ ಇಸ್ತ್ರಿಯವನ ಬಳಿ ಇರುತ್ತದೆ.

ಪಕ್ಕದಲ್ಲಿ ಖಾಲಿ ನಿವೇಶನವಿದ್ದರೆ ಅದು ಸದಾ ಖಾಲಿ ಇರುತ್ತದೆಂದು ನಂಬಿ ಗಾಳಿ ಬೆಳಕಿಗೆ ಬೆಲೆ ಕಟ್ಟಬಾರದು. ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಯಲ್ಲಿ ಮಹಾಯೋಜನೆಯ ನಕ್ಷೆ ನೋಡಲು ಸಿಗುತ್ತದೆ. ಆ ಜಾಗ ವಸತಿಗೋ, ವಾಣಿಜ್ಯಕ್ಕೋ, ಕೈಗಾರಿಕೆಗೋ, ಮನೆ ಮುಂದಿನ ರಸ್ತೆ ಮುಂದೆ ಎಷ್ಟು ಅಗಲವಾಗಲಿದೆಯೋ ಅದರಲ್ಲಿ ಬರೆದಿರುತ್ತದೆ. ನನಗೆ ಗುಡ್ಡ ತೋರಿಸಿದ ಬಾಲ್ಕನಿಯಿಂದ ಈಗ ಪಕ್ಕದ ಕಟ್ಟಡದವರ ಬಚ್ಚಲಮನೆಯ ಪೈಪುಗಳು ಕಾಣುತ್ತವೆ.

ಕಾಗದಪತ್ರಗಳ ಬಗ್ಗೆ ವಕೀಲರು ಹೇಳಬೇಕು, ನಾನು ಹೇಳುವುದು ವಕೀಲರ ಬಳಿಗೆ ಹೋಗುವ ಮುನ್ನ ನಮಗೇ ತಿಳಿದಿರಬೇಕಾದಷ್ಟು. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಬಂದ ಮೇಲೆ ಎಲ್ಲ ಅಪಾರ್ಟ್‌ಮೆಂಟ್‌ಗಳೂ ಅದರ ಕಣ್ಗಾವಲಿನಲ್ಲಿವೆ ಎಂಬ ನಂಬಿಕೆ ನಮ್ಮೂರಲ್ಲಿ ಬಲವಾಗಿದೆ. ಆದರೆ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. 60ಕ್ಕೆ 80 ಅಡಿಯ ನಿವೇಶನ 4,800 ಚದರ ಅಡಿ, ಅಂದರೆ ಸುಮಾರು 446 ಚದರ ಮೀಟರ್. ಬೆಂಗಳೂರಿನಂಥ ದೊಡ್ಡ ಯೋಜನೆಗಳಿರದ, ಎರಡು ಸೈಟು ಕೂಡಿಸಿ ಎಂಟೋ ಹತ್ತೋ ಮನೆ ಎಬ್ಬಿಸುವುದೇ ಹೆಚ್ಚಾಗಿರುವ ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ಎಷ್ಟೋ ಕಟ್ಟಡಗಳು ಈ ಅಳತೆಯ ಒಳಗೇ ಬೀಳುತ್ತವೆ. ಅಂಥ ಕಡೆ ಕೊಳ್ಳುವವನು ರೇರಾದ ಹೆಸರಿನಲ್ಲಿ ನಿಶ್ಚಿಂತನಾಗುವಂತಿಲ್ಲ. ದೊಡ್ಡ ಯೋಜನೆಯಲ್ಲಿ ಕಾಯ್ದೆ ಮಾಡಿಸುವ ತಪಾಸಣೆಯನ್ನು ಸಣ್ಣ ಕಟ್ಟಡದಲ್ಲಿ ತಾನೇ ಮಾಡಬೇಕು.

ನೋಂದಣಿಯಾದ ಯೋಜನೆಯಾದರೆ ಕೆಲವು ಹಿಡಿತಗಳಿವೆ. ನೋಂದಾಯಿತ ಕರಾರುಪತ್ರ ಆಗುವವರೆಗೆ ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. ಕೊಳ್ಳುವವರಿಂದ ಬಂದ ಹಣದ ಶೇ 70 ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿರಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದಲ್ಲೋ ದೋಷ ಕಂಡು ತಿಳಿಸಿದರೆ 30 ದಿನದಲ್ಲಿ ಬೇರೆ ಹಣ ಕೇಳದೆ ಸರಿಪಡಿಸಬೇಕು. ಮತ್ತು ಅಳತೆಯನ್ನು ಕಾರ್ಪೆಟ್ ಏರಿಯಾದಲ್ಲಿ, ಅಂದರೆ ಒಳಗೋಡೆಗಳನ್ನು ಸೇರಿಸಿ, ಹೊರಗೋಡೆ, ಬಾಲ್ಕನಿಗಳನ್ನು ಬಿಟ್ಟು, ನಾವು ನಿಜವಾಗಿ ಬಳಸುವ ನೆಲದ ಲೆಕ್ಕದಲ್ಲಿ ಹೇಳಬೇಕು. ನಮ್ಮೂರಲ್ಲಿ ಇನ್ನೂ ಬಾಯಿಮಾತಿನಲ್ಲಿ ನಡೆಯುವುದು ಗೋಡೆ, ಮೆಟ್ಟಿಲು, ಲಿಫ್ಟುಗಳ ಜಾಗದ ಪಾಲನ್ನೂ ಸೇರಿಸಿದ ಸೂಪರ್ ಬಿಲ್ಟಪ್ ಲೆಕ್ಕವೇ. 1,250 ಚದರ ಅಡಿ, ಅಡಿಗೆ 4,000, ಒಟ್ಟು 50 ಲಕ್ಷ ಎಂದ ಒಂದು ಫ್ಲ್ಯಾಟನ್ನು ನಾವು ಟೇಪು ಹಿಡಿದು ಅಳೆದಾಗ ಒಳಗೆ ಸಿಕ್ಕದ್ದು 905 ಚದರ ಅಡಿ. ಆಗ ಅಡಿಗೆ 5,500 ರೂಪಾಯಿ ಮೀರುತ್ತದೆ. ಟೇಪು ಹೊರತೆಗೆದ ಕೂಡಲೇ ಮಾರಾಟದ ಹುಡುಗನ ಮುಖ ನೋಡಬೇಕಿತ್ತು.

ಇನ್ನೊಂದು ಲೆಕ್ಕ ಅವಿಭಾಜ್ಯ ಭೂಪಾಲಿನದು. ಕಟ್ಟಡ ಎಂದಾದರೂ ಮುದಿಯಾಗುತ್ತದೆ, ಆಗ ಉಳಿಯುವುದು ನೆಲ. ಆ ನೆಲದಲ್ಲಿ ನನ್ನ ಪಾಲು ಎಷ್ಟು ಎಂದು ಕ್ರಯಪತ್ರದಲ್ಲಿ ಬರೆದಿರಬೇಕು. ಎಲ್ಲ ಫ್ಲ್ಯಾಟುಗಳ ಪಾಲು ಕೂಡಿಸಿದರೆ ನೂರಕ್ಕೆ ನೂರು ಆಗಬೇಕು. ಒಂದು ಕಡೆ ನಾವು ಕೂಡಿಸಿದಾಗ 84 ಆಯಿತು. ಉಳಿದ 16 ಎಲ್ಲಿ ಎಂದರೆ, ಮುಂದೆ ತಾರಸಿಯ ಮೇಲೆ ಇನ್ನೊಂದು ಮಹಡಿ ಬರಬಹುದು ಎಂಬ ಉತ್ತರ ಬಂತು. ಮಂಜೂರಾದ ನಕ್ಷೆಯಲ್ಲಿ ಆ ಮಹಡಿ ಇರಲಿಲ್ಲ. ನಮ್ಮಲ್ಲಿ ಜಾಗದ ಮಾಲೀಕರೂ ಬಿಲ್ಡರೂ ಸೇರಿ ಕಟ್ಟಿ ಮನೆಗಳನ್ನು ಹಂಚಿಕೊಳ್ಳುವುದು ರೂಢಿಯಾದ್ದರಿಂದ, ನಮಗೆ ತೋರಿಸಿದ ಮನೆ ಯಾರ ಪಾಲಿನದು, ಸಹಿ ಹಾಕುವವರಿಗೆ ಅದನ್ನು ಮಾರುವ ಅಧಿಕಾರ ಇದೆಯೇ ಎಂಬುದನ್ನು ಜಂಟಿ ಕರಾರು ಓದಿಯೇ ನಿಶ್ಚಯಿಸಿಕೊಳ್ಳಬೇಕು. ಆಸ್ತಿಯ ಹಿಂದಿನ ಕ್ರಯ, ಸಾಲಗಳನ್ನು ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಪಡೆಯಬಹುದು. ಹದಿಮೂರು ವರ್ಷದ್ದು ಸಾಕು ಎನ್ನುವವರ ಮಾತು ಕೇಳದೆ ಮೂವತ್ತು ವರ್ಷದ್ದು ತೆಗೆಸುವುದು ಲೇಸು. ಹೊಲವಾಗಿದ್ದ ನೆಲವಾದರೆ ಭೂಪರಿವರ್ತನೆಯ ಆದೇಶ ಬೇಕು. ಇ-ಖಾತಾ ಇಲ್ಲದೆ ಈಗ ನೋಂದಣಿಯೇ ನಡೆಯದು, ಹಾಗಾಗಿ "ಖಾತಾ ಆಮೇಲೆ ಮಾಡಿಸಿಕೊಡುತ್ತೇವೆ" ಎಂಬ ಮಾತಿಗೆ ಹಣ ಕೊಡಬಾರದು.

ಕಾಗದಪತ್ರಗಳಲ್ಲಿ ಸ್ವಾಧೀನಾನುಭವ ಪ್ರಮಾಣಪತ್ರದ ಮಾತನ್ನು ಬೇಕೆಂದೇ ಕಡೆಗೆ ಇಟ್ಟಿದ್ದೇನೆ. ಜನ ಅದನ್ನು ಓಸಿ ಎನ್ನುತ್ತಾರೆ. ಕಟ್ಟಡವನ್ನು ಮಂಜೂರಾದ ನಕ್ಷೆಯಂತೆಯೇ ಕಟ್ಟಿದ್ದಾರೆ, ವಾಸಕ್ಕೆ ಯೋಗ್ಯವಾಗಿದೆ ಎಂದು ಪರವಾನಗಿ ಕೊಟ್ಟ ಪ್ರಾಧಿಕಾರ ನೋಡಿ ಬರೆದುಕೊಡುವ ಕಾಗದ ಇದೊಂದೇ. ಮೂರು ಮಹಡಿಗೆ ಅನುಮತಿ ಪಡೆದು ನಾಲ್ಕು ಎಬ್ಬಿಸಿದವರಿಗೆ, ಬಿಡಬೇಕಾದ ಜಾಗ ಬಿಡದೆ ಗೋಡೆ ಹಾಕಿದವರಿಗೆ ಅದು ಸಿಗುವುದಿಲ್ಲ. ಸಿಗದಿದ್ದರೂ ಮಾರಾಟ ಮಾತ್ರ ನಡೆದುಬಿಡುತ್ತಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಈ ಪ್ರಮಾಣಪತ್ರ ನೋಡದೆ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ಹೇಳಿತು. ಅದರ ಪರಿಣಾಮವಾಗಿ 2025ರಲ್ಲಿ ರಾಜ್ಯದಲ್ಲಿ ಮೀಟರ್ ಸಿಗದೆ ಜನ ಪರದಾಡಿದರು; ಸರ್ಕಾರ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಅಪಾರ್ಟ್‌ಮೆಂಟ್ ಆ ಅಳತೆಯೊಳಗೆ ಬರುವುದಿಲ್ಲ. ನನ್ನ ಕಟ್ಟಡಕ್ಕೆ ಇಂದಿಗೂ ಓಸಿ ಇಲ್ಲ. ನಾಲ್ಕನೇ ಮಹಡಿ, ಅಂದರೆ ನಾನು ಕುಳಿತು ಈ ಪತ್ರ ಬರೆಯುತ್ತಿರುವ ಮಹಡಿ, ನಕ್ಷೆಯಲ್ಲಿಯೇ ಇರಲಿಲ್ಲವೆಂದು ನನಗೆ ತಿಳಿದದ್ದು ಕ್ರಯಪತ್ರವಾಗಿ ಎರಡು ವರ್ಷದ ಮೇಲೆ, ಅದೂ ಮಾರಲು ಹೋದಾಗ ಕೊಳ್ಳಲು ಬಂದವರ ವಕೀಲರಿಂದ.

ತೆರಿಗೆಗಳ ಬಗ್ಗೆ ಒಂದೆರಡು ಮಾತು ಸಾಕು. ಕಟ್ಟುತ್ತಿರುವ ಫ್ಲ್ಯಾಟಿಗೆ ಶೇ 5 ಜಿಎಸ್‌ಟಿ. ನಮ್ಮಂಥ ಊರಿನಲ್ಲಿ ಬೆಲೆ 45 ಲಕ್ಷದೊಳಗೆ, ಕಾರ್ಪೆಟ್ ಏರಿಯಾ 90 ಚದರ ಮೀಟರಿನೊಳಗೆ ಇದ್ದರೆ ಶೇ 1. ಕಟ್ಟಡ ಪೂರ್ಣಗೊಂಡು ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. 45 ಲಕ್ಷ ಮೀರಿದರೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಮತ್ತು 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಶೇ 1ರಿಂದ 2ಕ್ಕೆ ಏರಿದೆ. 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲೇ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವನದೇ. ಬೆಲೆ ಮಾತಾಡುವಾಗ ಇದನ್ನೆಲ್ಲ ಕೂಡಿಸಿಕೊಂಡೇ ಮಾತಾಡಬೇಕು.

ಹಳೆಯ ಫ್ಲ್ಯಾಟ್ ಕೊಳ್ಳುವವರು ಮಾಲೀಕರ ಸಂಘವನ್ನು ನೋಡದೆ ಕೊಳ್ಳಬಾರದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಘೋಷಣಾ ಪತ್ರ (ಯಾರ ಪಾಲು ಎಷ್ಟು, ಸಾಮಾನ್ಯ ಜಾಗ ಯಾವುದು ಎಂದು ಬರೆದ ದಾಖಲೆ) ನೋಂದಣಿಯಾಗಿದೆಯೇ, ಸಂಘದ ಹಣ ಬ್ಯಾಂಕಿನಲ್ಲಿದೆಯೇ ಇಲ್ಲ ಅಧ್ಯಕ್ಷರ ಜೇಬಿನಲ್ಲಿದೆಯೇ, ಹಿಂದಿನ ಮಾಲೀಕ ಮೇಂಟೆನೆನ್ಸ್ ಬಾಕಿ ಉಳಿಸಿದ್ದಾನೆಯೇ, ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಉಂಟೇ ಎಂದು ಕೇಳಿದರೆ ಅರ್ಧ ಗಂಟೆಯಲ್ಲಿ ಕಟ್ಟಡದ ಮನೋಧರ್ಮ ತಿಳಿಯುತ್ತದೆ. ಪಾರ್ಕಿಂಗಿನ ಜಗಳವೂ ಅಲ್ಲೇ ಹೊರಬೀಳುತ್ತದೆ. ಸ್ಟಿಲ್ಟಿನಲ್ಲಿನ ತೆರೆದ ಪಾರ್ಕಿಂಗ್ ಜಾಗ ಎಲ್ಲರ ಸಾಮಾನ್ಯ ಜಾಗ, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವಂತಿಲ್ಲ ಎಂದು 2010ರಲ್ಲಿಯೇ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಮ್ಮಲ್ಲಿ ಅದಕ್ಕೆ ಈಗಲೂ ಲಕ್ಷಗಟ್ಟಲೆ ಬೇರೆ ರಸೀದಿ ಹರಿಯುತ್ತಾರೆ.

ಇಷ್ಟೆಲ್ಲವನ್ನೂ ಒಬ್ಬ ಶಿಕ್ಷಕಿಯೋ, ಅಂಗಡಿಯವರೋ, ಪಿಂಚಣಿದಾರರೋ ರಜೆ ಹಾಕಿ ಕಚೇರಿಯಿಂದ ಕಚೇರಿಗೆ ಅಲೆದು ತಿಳಿಯಬೇಕೆಂದರೆ ಹೆಚ್ಚಿನವರು ಅರ್ಧಕ್ಕೇ ಬಿಡುತ್ತಾರೆ. ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಮಹಾನಗರ ಪಾಲಿಕೆಗೂ ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ಒಂದು ವಿನಂತಿ: ನಗರದ ಪ್ರತಿ ಅಪಾರ್ಟ್‌ಮೆಂಟಿಗೆ ಎಷ್ಟು ಮಹಡಿಗೆ, ಎಷ್ಟು ಮನೆಗೆ ಅನುಮತಿ ಕೊಟ್ಟಿದೆ, ಸ್ವಾಧೀನಾನುಭವ ಪ್ರಮಾಣಪತ್ರ ಕೊಟ್ಟಿದೆಯೇ, ಕೊಟ್ಟಿದ್ದರೆ ಯಾವ ದಿನ ಎಂಬ ಪಟ್ಟಿಯನ್ನು ವಾರ್ಡುವಾರು ಮಾಡಿ, ಜಾಲತಾಣದಲ್ಲಿಯೂ ವಲಯ ಕಚೇರಿಯ ಗೋಡೆಯ ಮೇಲೆಯೂ ಹಾಕಲಿ. ಕಟ್ಟಡದ ಬಾಗಿಲಲ್ಲಿ ನಿಂತು ಮಹಡಿ ಎಣಿಸಲು ಬರುವ ಯಾರೇ ಆದರೂ ಆಗ ಸತ್ಯ ತಿಳಿಯಬಹುದು.

ತಮ್ಮಲ್ಲಿಯೂ ಒಂದು ವಿನಂತಿಯಿದೆ. ನೋಂದಾಯಿತ ಯೋಜನೆಯ ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ ಇರಬೇಕು, ಪ್ರಾಧಿಕಾರದ ಜಾಲತಾಣದ ವಿಳಾಸ ಎದ್ದು ಕಾಣುವಂತೆ ಇರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ತಮ್ಮ ಪುಟದಲ್ಲಿ ಅದು ಇರುತ್ತದೆ ನಿಜ, ಆದರೆ ನನ್ನ ವಯಸ್ಸಿನವರು ಭೂತಗನ್ನಡಿ ಹಿಡಿದರೂ ಓದಲಾಗದ ಅಕ್ಷರದಲ್ಲಿ. ಈಜುಕೊಳದ ಚಿತ್ರವನ್ನು ಎರಡು ಅಂಗುಲ ಚಿಕ್ಕದು ಮಾಡಿ ಆ ಸಂಖ್ಯೆಯನ್ನು ದೊಡ್ಡದಾಗಿ ಅಚ್ಚು ಮಾಡುವಂತೆ ಜಾಹೀರಾತುದಾರರಿಗೆ ತಾವು ಹೇಳುವಿರೆಂದು ನಂಬಿದ್ದೇನೆ.

ಇಂತಿ,
ತಮ್ಮ ಹಳೆಯ ಓದುಗ,
ನಿವೃತ್ತ ಕಿರಿಯ ಎಂಜಿನಿಯರ್, ಬಳ್ಳಾರಿ